ಬೇಡ ಎನ್ನುವುದಕ್ಕೂ ಅಭ್ಯಾಸ ಬೇಕು

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಟೀಚರ್. ಆರೋಗ್ಯ ಶಿಕ್ಷಣವೂ ನನ್ನ ಪಾಲಿಗೆ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಗುರುತಿಸಿದ 10 ಜೀವನ ಕೌಶಲಗಳನ್ನು ಮಕ್ಕಳು ಬೇಗ ಬಾಯಿಪಾಠ ಮಾಡುತ್ತಾರೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದ ಹುಡುಗನೊಬ್ಬ ತಂಬಾಕಿನ ಪೊಟ್ಟಣ ಚಾಚಿದಾಗ ಪಟ್ಟಿ ಕೈಹಿಡಿಯುವುದಿಲ್ಲ. ಬಾಯಿಗೆ ಮಾತು ಬರಬೇಕು. ಅದು ಬರುವುದು ಆಡಿ ಆಡಿ ರೂಢಿಯಾದರೆ ಮಾತ್ರ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ಕುಂಬಳೆ ಸೀಮೆಯಲ್ಲಿ ತಾಳಮದ್ದಳೆ ಕೇಳದ ಮಕ್ಕಳು ಕಡಿಮೆ. ವೇಷವಿಲ್ಲದೆ ಎದುರುಬದುರು ಕುಳಿತು ವಾದಿಸುವ ಆ ಕ್ರಮವನ್ನೇ ತರಗತಿಗೆ ತಂದೆ. ಒಬ್ಬರು ಒತ್ತಾಯಿಸಬೇಕು, ಇನ್ನೊಬ್ಬರು ನಿರಾಕರಿಸಬೇಕು. ಒತ್ತಾಯಿಸುವವರು ಸುಲಭಕ್ಕೆ ಬಿಡುವಂತಿಲ್ಲ: "ಒಂದೇ ಸಲ", "ಹೆದರಿಕೆಯಾ?", "ಎಲ್ಲರೂ ತಿನ್ನುತ್ತಾರಲ್ಲ!" ಮನೆಯಲ್ಲಿ ಆಡುವ ತುಳು, ಮಲಯಾಳಂ, ಹವ್ಯಕ, ಮರಾಠಿ ಯಾವುದಾದರೂ ಆಗಬಹುದು. ನಿಜವಾಗಿ ಮಾತು ಬೇಕಾಗುವುದು ಆ ಭಾಷೆಯಲ್ಲೇ ತಾನೆ?

ಇಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ಕಾರಣ ಕೊಟ್ಟವರೇ ಹೆಚ್ಚಾಗಿ ಸೋಲುತ್ತಾರೆ. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಎಂಬುದು ಸತ್ಯ. ಆದರೆ ಹಾಗೆಂದೊಡನೆ "ನನ್ನ ಅಜ್ಜನಿಗೆ ಬಂದಿಲ್ಲವಲ್ಲ" ಎಂಬ ಉತ್ತರ ಸಿದ್ಧ, ವಾದ ಬೆಳೆಯುತ್ತದೆ. ತಾಳಮದ್ದಳೆಯಲ್ಲಿ ಮಾತು ಬೆಳೆಸುವವನು ಗಟ್ಟಿಗ, ಇಲ್ಲಿ ಮೊಟಕುಗೊಳಿಸುವವನು. "ಬೇಡ ಅಣ್ಣ, ನಾನು ಹೊರಟೆ" ಎಂದು ಮುಖ ನೋಡಿ ಹೇಳಿ, ಎದ್ದು ನಡೆಯುವುದನ್ನೂ ಅಭ್ಯಾಸ ಮಾಡಿಸುತ್ತೇನೆ. ಬಳಿಕ ಪಾತ್ರ ಅದಲುಬದಲು. ಯಾವ ಉತ್ತರದ ಮುಂದೆ ತನ್ನ ಒತ್ತಾಯ ನಿಂತುಹೋಯಿತೆಂದು ಒತ್ತಾಯಿಸಿದವರೇ ಹೇಳುತ್ತಾರೆ. ನನ್ನ ವಿವರಣೆಗಿಂತ ಅದು ಮಕ್ಕಳಿಗೆ ಚೆನ್ನಾಗಿ ನಾಟುತ್ತದೆ.

ಯಾರದೇ ಬದುಕಿನ ನಿಜ ಘಟನೆಯನ್ನು ಆಡಿಸುವುದಿಲ್ಲ. ಈ ವಿಷಯದಲ್ಲಿ ನಾನು ಕಟ್ಟುನಿಟ್ಟು. ತರಗತಿಯ ಎದುರು ಗಾಯ ತೆರೆದಿಡಬೇಕಾದ ಅಗತ್ಯ ಯಾವ ಮಗುವಿಗೂ ಇಲ್ಲ. ಹೇಳಬೇಕೆನಿಸಿದರೆ ಪಾಠ ಮುಗಿದ ಮೇಲೆ ನಾನಿದ್ದೇನೆ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಎಲ್ಲರಿಂದಲೂ ಪುಸ್ತಕದ ಹಿಂದೆ ಬರೆಸಿದ್ದೇನೆ. ಎಷ್ಟು ಗಟ್ಟಿಯಾಗಿ ನಿರಾಕರಿಸಿದರೂ ಬಿಡದವರಿರುತ್ತಾರೆ. ಅದು ಮಗುವಿನ ಸೋಲಲ್ಲ ಎಂದು ಪ್ರತಿ ಸಲವೂ ಬಾಯಿಬಿಟ್ಟು ಹೇಳುತ್ತೇನೆ.

ಈಗ ಎಂಟನೆಯ ತರಗತಿಗೆ, ಮೊಬೈಲಿನಲ್ಲಿ ಫೋಟೋ ಕಳುಹಿಸೆಂದು ಪೀಡಿಸುವ ಸನ್ನಿವೇಶಗಳನ್ನು ಬರೆಯುತ್ತಿದ್ದೇನೆ. ಅಲ್ಲಿ ಎದ್ದು ಹೋಗುವುದೆಂದರೆ ಆ ಸಂಖ್ಯೆಯನ್ನು ಬ್ಲಾಕ್ ಮಾಡುವುದು. ಅದಕ್ಕೂ ಮೊದಲು, ಬಂದ ಸಂದೇಶವನ್ನು ಅಳಿಸದೆ ಹಿರಿಯರೊಬ್ಬರಿಗೆ ತೋರಿಸುವುದು.