ವೇಪ್ ಬೇಡವೆಂದ ಮೇಲೆ: ಕಾಫಿ ತೋಟದಲ್ಲಿದ್ದುಕೊಂಡು ಸಿಗರೇಟು ಬಿಟ್ಟ ಬಗೆ

ಸಿಗರೇಟು ಬಿಡಬೇಕು ಅಂತ ಬಾಯಿಬಿಟ್ಟು ಹೇಳಿದರೆ ಸಾಕು, ಈಗ ಯಾರಾದರೊಬ್ಬರು ವೇಪ್, ಅಂದರೆ ಬ್ಯಾಟರಿಯ ಇ-ಸಿಗರೇಟಿನ ಹೆಸರು ತೆಗೆಯುತ್ತಾರೆ. ನನಗೂ ಹಾಗೇ ಆಯಿತು. ಮೂಡಿಗೆರೆ ಕಡೆ ನಮ್ಮದೊಂದು ಕಾಫಿ ತೋಟ. ಕಾಲೇಜಿನಲ್ಲಿ ಅಂಟಿದ ಸಿಗರೇಟು ತಲೆ ನರೆಯುವವರೆಗೂ ಬಿಟ್ಟಿರಲಿಲ್ಲ. ಬಿಡುವ ಮನಸ್ಸು ಗಟ್ಟಿಯಾದಾಗ ನಾನು ಮೊದಲು ವಿಚಾರಿಸಿದ್ದು ಇ-ಸಿಗರೇಟಿನ ಬಗ್ಗೆಯೇ. ಕೊನೆಗೆ ಕೈಹಿಡಿದದ್ದು ಔಷಧಿ ಅಂಗಡಿಯಲ್ಲಿ ಸಿಗುವ, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ (ಪ್ಯಾಚ್) ಮತ್ತು ಬಾಯಲ್ಲಿ ಇಟ್ಟುಕೊಳ್ಳುವ ನಿಕೋಟಿನ್ ಗಮ್. ಅದನ್ನೇ ಯಾಕೆ ಆರಿಸಿಕೊಂಡೆ, ಹೇಗೆ ಬಳಸಿದೆ ಎಂಬುದನ್ನು ಹೇಳುತ್ತೇನೆ. ಅದಕ್ಕಿಂತ ಹೆಚ್ಚಾಗಿ ಕಾಫಿಯ ಬಗ್ಗೆ ಹೇಳಬೇಕಾಗಿದೆ. ನಮ್ಮ ಕಡೆ ಸಿಗರೇಟು ಬಿಡುವವರ ಕಾಲು ಜಾರುವುದು ಕಾಫಿ ಲೋಟದ ಹತ್ತಿರವೇ, ಆದರೆ ಆ ವಿಷಯ ಯಾರೂ ಎತ್ತುವುದಿಲ್ಲ.

ಇಂಗ್ಲೆಂಡಿನಲ್ಲಿರುವ ಅಕ್ಕನ ಮಗ ವೇಪ್ ಹಿಡಿದೇ ಸಿಗರೇಟಿನಿಂದ ಹೊರಬಂದವನು. "ಮಾವ, ಈ ಸಲ ಬರೋವಾಗ ನಿಮಗೂ ಒಂದು ತರ್ತೀನಿ" ಅಂದ. ಅಲ್ಲಿ ಅದು ಕದ್ದುಮುಚ್ಚಿ ನಡೆಯುವ ವ್ಯವಹಾರವಲ್ಲ. ಸಿಗರೇಟು ಬಿಡಲು ಬಯಸುವ ವಯಸ್ಕರು ಅದನ್ನು ಬಳಸಬಹುದು ಎಂದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯೇ ಹೇಳುತ್ತದೆ. ದ್ರವದಲ್ಲಿ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರುವಂತಿಲ್ಲ ಎಂಬ ನಿಯಮವೂ ಇದೆ. ಸಾಧನದೊಳಗಿನ ಕೆಲಸ ಸರಳ: ಬ್ಯಾಟರಿಯಿಂದ ಸಣ್ಣದೊಂದು ತಂತಿ ಸುರುಳಿ ಕಾಯುತ್ತದೆ, ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್‌ನಲ್ಲಿ ಬೆರೆಸಿದ ನಿಕೋಟಿನ್ ಆವಿಯಾಗಿ ಬರುತ್ತದೆ. ತಂಬಾಕಿನ ಎಲೆ ಉರಿಯದ ಕಾರಣ ಹೊಗೆಯ ಜಿಗುಟು ಟಾರ್ ಇಲ್ಲ. ಅಪಾಯವೇ ಇಲ್ಲವೆಂದು ಅಲ್ಲಿಯೂ ಯಾರೂ ಹೇಳುವುದಿಲ್ಲ, ಸಿಗರೇಟಿನ ಹೊಗೆಗಿಂತ ಕಡಿಮೆ ಎನ್ನುತ್ತಾರೆ. ನಿಕೋಟಿನ್ ಗಮ್, ಪಟ್ಟಿಗಳಿಗಿಂತ ಅದರಿಂದ ಬಿಟ್ಟವರ ಪ್ರಮಾಣ ಹೆಚ್ಚು ಎಂದು ತೋರಿಸಿದ ಅಧ್ಯಯನಗಳೂ ಇವೆ. ಅವನ ಮಾತನ್ನು ಸುಮ್ಮನೆ ತಳ್ಳಿಹಾಕುವ ಹಾಗಿರಲಿಲ್ಲ.

ಆದರೆ ನಮ್ಮ ನೆಲದ ಕಾನೂನು ಬೇರೆ. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು, ಅದೇ ವರ್ಷ ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಾಟ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲಕ್ಕೂ ತಡೆ. ಮಾರಿದವರಿಗೆ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಹೊರದೇಶದಿಂದ ಬ್ಯಾಗಿನಲ್ಲಿ ಹಾಕಿಕೊಂಡು ಬರುವುದಕ್ಕೂ ದಾರಿಯಿಲ್ಲ. "ಬೇಡ ಮಾರಾಯ, ನನಗೋಸ್ಕರ ವಿಮಾನ ನಿಲ್ದಾಣದಲ್ಲಿ ನೀನು ತಲೆ ತಗ್ಗಿಸಿ ನಿಲ್ಲೋದು ಬೇಡ" ಅಂದೆ.

ಕಾನೂನಿನ ಭಯವೊಂದೇ ಕಾರಣವಲ್ಲ. ಕಳ್ಳದಾರಿಯಲ್ಲಿ ಬರುವ ಸಾಮಾನಿಗೆ ಹೇಳುವವರು ಕೇಳುವವರು ಇರುವುದಿಲ್ಲ. ಅದರಲ್ಲಿ ನಿಕೋಟಿನ್ ಎಷ್ಟಿದೆ, ರುಚಿಗೆ ಏನು ಬೆರೆಸಿದ್ದಾರೆ, ಬ್ಯಾಟರಿ ಎಂಥದ್ದು, ಯಾವುದನ್ನೂ ತಿಳಿಯುವ ಬಗೆಯಿಲ್ಲ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದ ಸಾವಿರಾರು ಜನ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿದ್ದಕ್ಕೆ ಮುಖ್ಯ ಕಾರಣವಾಗಿ ಕಂಡದ್ದು ಕಳ್ಳಮಾರುಕಟ್ಟೆಯ ಗಾಂಜಾ ದ್ರವಕ್ಕೆ ಬೆರೆಸಿದ ವಿಟಮಿನ್ ಇ ಅಸಿಟೇಟ್. ಇಂಗ್ಲೆಂಡಿನ ಅಂಗಡಿಯಲ್ಲಿ ಸಿಗುವ ವೇಪ್ ಬಗ್ಗೆ ಹೇಳಿದ ಒಳ್ಳೆಯ ಮಾತು ಬೆಂಗಳೂರಿನಲ್ಲಿ ಕೈಯಿಂದ ಕೈಗೆ ಬರುವ ವೇಪ್‌ಗೆ ಅನ್ವಯಿಸುವುದಿಲ್ಲ. ಇದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಉಳಿದದ್ದೇನು? ಇದಕ್ಕೆ ಉತ್ತರ ನನಗೆ ಹೆಂಡತಿಯ ತವರಿನ ಕಡೆಯಿಂದ ಹೊಳೆಯಿತು. ಅವರದು ಹಾಸನ ಜಿಲ್ಲೆಯ ಅರಕಲಗೂಡು ಸೀಮೆ, ಹೊಗೆಸೊಪ್ಪು ಬೆಳೆಯುವ ಜಾಗ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯೇ ಇದೆ. ಮಳೆಯಲ್ಲಿ ನೆನೆದ ಸೊಪ್ಪು ಮುರಿಯುವವರಿಗೆ ಕೆಲವೊಮ್ಮೆ ತಲೆಸುತ್ತು, ವಾಂತಿ ಬರುತ್ತದೆ. ಜೀವಮಾನದಲ್ಲಿ ಬೀಡಿ ಮುಟ್ಟದ ಹೆಂಗಸರಿಗೂ ಬರುತ್ತದೆ. ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ರಕ್ತ ಸೇರುವುದರಿಂದ ಹಾಗಾಗುತ್ತದೆ. ನಿಕೋಟಿನ್ ಪಟ್ಟಿ ಕೆಲಸ ಮಾಡುವುದೂ ಇದೇ ದಾರಿಯಲ್ಲಿ, ಆದರೆ ಅಳತೆ ಮಾಡಿ, ನಿಧಾನಕ್ಕೆ. ಹೊಗೆಯಿಲ್ಲದೆ ನಿಕೋಟಿನ್ ಮೈ ಸೇರಬಹುದು ಎನ್ನುವುದು ಮನಸ್ಸಿಗೆ ನಾಟಿದ ಮೇಲೆ ವೇಪ್‌ನ ಆಸೆ ತಾನಾಗಿ ಕಡಿಮೆಯಾಯಿತು.

ಚಿಕ್ಕಮಗಳೂರಿಗೆ ಹೋಗಿ ಡಾಕ್ಟರನ್ನು ಕಂಡೆ. ರಕ್ತದೊತ್ತಡಕ್ಕೆ ಮಾತ್ರೆ ತಗೊಳ್ಳುವವನಾದ್ದರಿಂದ ಕೇಳದೆ ಶುರುಮಾಡುವ ಮನಸ್ಸಿರಲಿಲ್ಲ. ಈಚೆಗೆ ಹೃದಯಾಘಾತವಾದವರು, ಬಸುರಿಯರು ಕೇಳಲೇಬೇಕು. ಡಾಕ್ಟರು ಮೊದಲು ಕೇಳಿದ್ದು ದಿನಕ್ಕೆ ಎಷ್ಟು ಸೇದುತ್ತೀರಿ ಅಂತ ಅಲ್ಲ. "ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು ಹಚ್ತೀರಿ?" ಅಂದರು. ಎದ್ದ ಅರ್ಧ ಗಂಟೆಯೊಳಗೆ ಸಿಗರೇಟು ಬೇಕೆನಿಸುವವನ ಚಟ ಗಟ್ಟಿ, ಅವನಿಗೆ ಹೆಚ್ಚಿನ ಪ್ರಮಾಣದ ನಿಕೋಟಿನ್ ಬೇಕಾಗುತ್ತದೆ. ರಾತ್ರಿಯಿಡೀ ಖಾಲಿಯಾದ ರಕ್ತ ಬೆಳಿಗ್ಗೆ ಎಷ್ಟು ಜೋರಾಗಿ ಕೂಗುತ್ತದೆ ಎನ್ನುವುದೇ ಅಳತೆ. ನನ್ನದು ಹಾಸಿಗೆಯಿಂದ ಎದ್ದು ಕಾಫಿ ಲೋಟದ ಜೊತೆಗೇ.

ಪಟ್ಟಿ 21, 14, 7 ಮಿಲಿಗ್ರಾಂನಲ್ಲಿ ಬರುತ್ತದೆ. ಗಮ್ 2 ಮತ್ತು 4 ಮಿಲಿಗ್ರಾಂ. 2ರ ಗಮ್ಮಿಗೆ ಡಾಕ್ಟರ ಚೀಟಿ ಬೇಡ, 4ಕ್ಕೆ ಬೇಕು. ನನಗೆ ಅವರು ಬರೆದುಕೊಟ್ಟದ್ದು 21ರ ಪಟ್ಟಿ, ಅದರ ಮೇಲೆ ಆಸೆ ಉಕ್ಕಿದಾಗ 2ರ ಗಮ್. ಎರಡನ್ನೂ ಒಟ್ಟಿಗೆ ಬಳಸಿದರೆ ಒಂದನ್ನೇ ಬಳಸುವುದಕ್ಕಿಂತ ಬಿಡುವ ಸಾಧ್ಯತೆ ಹೆಚ್ಚು. ಪಟ್ಟಿ ಇಡೀ ದಿನಕ್ಕೆ ತಳ ಹಾಕಿಕೊಡುತ್ತದೆ, ಆದರೆ ಹಚ್ಚಿದ ಮೇಲೆ ಅದರ ಪೂರ್ತಿ ಬಲ ಬರಲು ಕೆಲವು ಗಂಟೆ ಬೇಕು. ಗಮ್ ಬೇಗ, ಆದರೂ ಇಪ್ಪತ್ತು ಮೂವತ್ತು ನಿಮಿಷ. ಸಿಗರೇಟಿನ ಒಂದು ದಮ್ಮು ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಆ ವೇಗ ಇವುಗಳಿಂದ ಸಿಗುವುದಿಲ್ಲ, ಸಿಗಲೂಬಾರದು, ಚಟ ಕಟ್ಟುವುದೇ ಆ ವೇಗ. ಇದನ್ನು ಮೊದಲೇ ತಿಳಿದವರು ಗಮ್ ಬಾಯಿಗೆ ಹಾಕಿ ಎರಡು ನಿಮಿಷಕ್ಕೆ 'ಇದು ಕೆಲಸ ಮಾಡಲ್ಲ' ಎಂದು ಉಗುಳುವುದಿಲ್ಲ.

ಗಮ್ ಅನ್ನು ಚೂಯಿಂಗ್ ಗಮ್ಮಿನಂತೆ ಜಗಿಯುವಂತಿಲ್ಲ. ಒಂದೆರಡು ಸಲ ಮೆಲ್ಲಗೆ ಅಗಿದಾಗ ಮೆಣಸಿನಂಥ ಚುರುಕು ಬರುತ್ತದೆ. ಆಗ ನಿಲ್ಲಿಸಿ, ಮಲೆನಾಡಿನ ಹಿರಿಯರು ಎಲೆಅಡಿಕೆಯ ಕವಳವನ್ನು ದವಡೆಗೆ ಒತ್ತರಿಸಿಟ್ಟುಕೊಳ್ಳುವ ಹಾಗೆ ಕೆನ್ನೆಯ ಒಳಗೆ ಇಟ್ಟುಬಿಡಬೇಕು. ಚುರುಕು ಇಳಿದ ಮೇಲೆ ಮತ್ತೆ ಎರಡು ಸಲ ಅಗಿದು ಇನ್ನೊಂದು ಕಡೆಗೆ. ಹೀಗೆ ಅರ್ಧ ಗಂಟೆ. ನಿಕೋಟಿನ್ ಹೀರಿಕೊಳ್ಳುವುದು ಕೆನ್ನೆಯ ಒಳಪದರ. ಗಬಗಬನೆ ಜಗಿದು ಎಂಜಲು ನುಂಗಿದರೆ ಅದು ಹೊಟ್ಟೆ ಸೇರಿ ಬಿಕ್ಕಳಿಕೆ, ಎದೆಯುರಿ ತರುತ್ತದೆ.

ಇಲ್ಲೇ ಕಾಫಿ ಬರುವುದು. ಕೆನ್ನೆ ನಿಕೋಟಿನ್ ಹೀರಬೇಕಾದರೆ ಬಾಯಿ ಹುಳಿಯಾಗಿರಬಾರದು. ಕಾಫಿ ಹುಳಿಯ ಪಾನೀಯ. ಕಾಫಿ ಕುಡಿದ ಬಾಯಿಗೆ ಗಮ್ ಹಾಕಿದರೆ ಅದರೊಳಗಿನ ನಿಕೋಟಿನ್ ಹೆಚ್ಚುಕಡಿಮೆ ವ್ಯರ್ಥ. ನಿಂಬೆ ಶರಬತ್ತು, ಪುನರ್ಪುಳಿ, ಮಜ್ಜಿಗೆ, ಸೋಡಾಗಳೂ ಹಾಗೇ. ಗಮ್ಮಿಗೆ ಮುಂಚಿನ ಹದಿನೈದು ನಿಮಿಷ, ಗಮ್ ಬಾಯಲ್ಲಿರುವಷ್ಟು ಹೊತ್ತು ನೀರು ಬಿಟ್ಟು ಬೇರೇನೂ ಬೇಡ. ನಮ್ಮ ಕಡೆ ಮನೆಗೆ ಯಾರು ಬಂದರೂ ಕಾಫಿ, ಹೋದಲ್ಲೆಲ್ಲ ಕಾಫಿ. ಹಾಗಿರುವಾಗ ಈ ಹದಿನೈದು ನಿಮಿಷವನ್ನು ದಿನದೊಳಗೆ ಹೊಂದಿಸುವುದೇ ದೊಡ್ಡ ಕೆಲಸ. ನಾನು ಬೆಳಗಿನ ಕ್ರಮವನ್ನೇ ತಿರುಗಿಸಿದೆ: ಎದ್ದು ಬಾಯಿ ತೊಳೆದು ಪಟ್ಟಿ ಅಂಟಿಸಿ, ಮೊದಲು ಗಮ್, ಅದು ಮುಗಿದ ಮೇಲೆ ಕಾಫಿ. ಕಾಫಿ ಕುಡಿಯುವ ಜಾಗವನ್ನೂ ಜಗಲಿಯಿಂದ ಅಡುಗೆಮನೆಗೆ ಬದಲಾಯಿಸಿದೆ. ಜಗಲಿಯ ಕುರ್ಚಿಯಲ್ಲಿ ಕೂತರೆ ಬಲಗೈ ತನ್ನಷ್ಟಕ್ಕೆ ಜೇಬಿಗೆ ಹೋಗುತ್ತಿತ್ತು. ಒಲೆಯ ಹತ್ತಿರ ನಿಂತು ಕುಡಿದರೆ ಹೋಗುವುದಿಲ್ಲ.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಕೆಫೀನ್ ಕರಗಿಸುವುದು ಅದೇ ಕಿಣ್ವ. ಹಾಗಾಗಿ ಸೇದುವವನ ಮೈಯಿಂದ ಕಾಫಿ ಬೇಗ ಇಳಿದುಹೋಗುತ್ತದೆ, ಅವನು ಹೆಚ್ಚು ಹೆಚ್ಚು ಕುಡಿಯುತ್ತಾನೆ. ಹೊಗೆ ನಿಂತ ಒಂದು ವಾರದೊಳಗೆ ಕಿಣ್ವ ನಿಧಾನವಾಗುತ್ತದೆ. ಕಾಫಿ ಮಾತ್ರ ಮೊದಲಿನಷ್ಟೇ ಕುಡಿದರೆ ರಕ್ತದಲ್ಲಿ ಕೆಫೀನ್ ಸುಮಾರು ಎರಡು ಪಟ್ಟಾಗಬಹುದು. ಎದೆ ಡವಡವ, ಕೈನಡುಕ, ರಾತ್ರಿ ನಿದ್ದೆಯಿಲ್ಲ, ಸಣ್ಣ ಮಾತಿಗೂ ಸಿಡಿಮಿಡಿ. ಇವೆಲ್ಲ ಸಿಗರೇಟು ಬಿಟ್ಟ ತಳಮಳದ ಲಕ್ಷಣಗಳ ಹಾಗೇ ಕಾಣುತ್ತವೆ. 'ಬಿಟ್ಟಿದ್ದೇ ನನಗೆ ಆಗಿಬರಲಿಲ್ಲ' ಎಂದು ಮತ್ತೆ ಹಚ್ಚಿದವರಲ್ಲಿ ಎಷ್ಟು ಮಂದಿಗೆ ನಿಜವಾಗಿ ಕಾಡಿದ್ದು ಕಾಫಿಯೋ ಎಂದು ನನಗೆ ಈಗಲೂ ಸಂಕಟವಾಗುತ್ತದೆ. ಈ ಪರಿಣಾಮ ನಿಕೋಟಿನ್‌ನದಲ್ಲ, ಹೊಗೆಯದು. ಆದ್ದರಿಂದ ಪಟ್ಟಿ, ಗಮ್ ಬಳಸುತ್ತಿದ್ದರೂ ಇದು ತಪ್ಪುವುದಿಲ್ಲ.

ಡಾಕ್ಟರು ಕಾಫಿ ಅರ್ಧಕ್ಕಿಳಿಸಿ ಅಂದರು. ಕಾಫಿ ಬೆಳೆಯುವವನಿಗೆ ಲೋಟ ಕಡಿಮೆ ಮಾಡು ಅಂದರೆ ಹೇಗೆ ಮನಸ್ಸು ಬಂದೀತು? ನಾನು ಲೋಟಕ್ಕಿಂತ ಪುಡಿಯ ಕಡೆ ನೋಡಿದೆ. ಅರೇಬಿಕಾ ಬೀಜದಲ್ಲಿ ಕೆಫೀನ್ ಸುಮಾರು ಶೇ 1.2, ರೊಬಸ್ಟಾದಲ್ಲಿ ಸುಮಾರು ಶೇ 2.2. ಚಿಕೋರಿಯಲ್ಲಿ ಇಲ್ಲವೇ ಇಲ್ಲ. ಮನೆಗೆ ಹುರಿಸುತ್ತಿದ್ದ ಪುಡಿಯಲ್ಲಿ ರೊಬಸ್ಟಾ ಅರ್ಧದಷ್ಟಿತ್ತು. ಅದನ್ನು ಪೂರ್ತಿ ತೆಗೆಸಿ ಅರೇಬಿಕಾ ಮಾಡಿಸಿದೆ, ಚಿಕೋರಿ ಸ್ವಲ್ಪ ಹೆಚ್ಚಿಸಿದೆ. ಮಧ್ಯಾಹ್ನ ಊಟದ ಮೇಲಿನ ಹೊತ್ತಿಗೆ ಜೀರಿಗೆ ಕೊತ್ತಂಬರಿಯ ಹಾಲು ಕಷಾಯ. ಮನೆಯವಳು ಅದನ್ನು ಬೆಲ್ಲ ಹಾಕಿ ಅದೇ ಹಿತ್ತಾಳೆ ಲೋಟದಲ್ಲಿ ಕೊಡುತ್ತಿದ್ದಳು, ಕೈಗೆ ಬಿಸಿ ತಾಗುವುದೇ ಅರ್ಧ ಸಮಾಧಾನ. ನಿದ್ದೆ ಕೂಡಿಬಂತು. ನನ್ನ ಅನುಭವದಲ್ಲಿ ಪಟ್ಟಿ, ಗಮ್‌ಗಳಷ್ಟೇ ಕೆಲಸ ಮಾಡಿದ್ದು ಈ ಪುಡಿ ಬದಲಾವಣೆ.

ಶುರುಮಾಡುವ ಕಾಲವನ್ನೂ ನೋಡಿಯೇ ಇಟ್ಟುಕೊಂಡೆ. ಕೊಯ್ಲಿನಲ್ಲಿ ಆಗದ ಮಾತು. ಸಂಜೆ ಹಣ್ಣು ತೂಕ ಹಾಕಿ, ರಾತ್ರಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಹತ್ತಿರ ನಿಂತು, ಬೆಳಿಗ್ಗೆ ಕಣದಲ್ಲಿ ಬೀಜ ಕೆದರುವ ದಿನಗಳವು. ಕಾಫಿ ಹೂ ಅರಳಿಸುವ ಮಳೆಯೂ, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಯೂ ಮುಗಿದು, ಮುಂಗಾರಿಗೆ ಇನ್ನೂ ಸಮಯವಿರುವ ಬೇಸಿಗೆಯ ಬಿಡುವಿನಲ್ಲಿ ಶುರುಮಾಡಿದೆ. ಮೊದಲ ಮೂರು ದಿನ ಕಠಿಣ, ಎಲ್ಲರಿಗೂ ಹಾಗೇ. ಆಮೇಲೆ ಆಸೆ ಅಲೆಯಲೆಯಾಗಿ ಬಂದು ಕೆಲವೇ ನಿಮಿಷಕ್ಕೆ ಇಳಿಯುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ಮೈಯ ತಳಮಳ ಬಹುಪಾಲು ಅಡಗುತ್ತದೆ.

ಪಟ್ಟಿಯ ಬಗ್ಗೆ ತೋಟದವರಿಗೆ ಒಂದು ಮಾತು. ಬೆವರಿಗೆ ಅದು ಏಳುತ್ತದೆ. ಕೂದಲಿಲ್ಲದ ಒಣ ಜಾಗ, ತೋಳಿನ ಮೇಲ್ಭಾಗ ಅಥವಾ ಭುಜದ ಹಿಂದೆ ಅಂಟಿಸಿ, ಅಂಗೈಯಿಂದ ಸ್ವಲ್ಪ ಹೊತ್ತು ಅದುಮಿ ಹಿಡಿಯಬೇಕು. ದಿನಾ ಜಾಗ ಬದಲಿಸಬೇಕು, ಇಲ್ಲವಾದರೆ ತುರಿಕೆ. ರಾತ್ರಿ ಇಟ್ಟುಕೊಂಡರೆ ಕಣ್ಣಿಗೆ ಕಟ್ಟಿದಂಥ ಕನಸುಗಳು ಬೀಳುತ್ತವೆ. ನನಗೆ ಬಿದ್ದವು, ಡಾಕ್ಟರು ಮಲಗುವಾಗ ತೆಗೆದುಬಿಡಿ ಅಂದರು. ತೆಗೆದ ಪಟ್ಟಿಯಲ್ಲಿ ನಿಕೋಟಿನ್ ಇನ್ನೂ ಇರುತ್ತದೆ. ಅಂಟುಭಾಗ ಒಳಗಾಗುವಂತೆ ಮಡಚಿ, ಮಕ್ಕಳ, ನಾಯಿಗಳ ಕೈಗೆ ಬಾಯಿಗೆ ಸಿಗದ ಹಾಗೆ ಬಿಸಾಡಬೇಕು.

ಇಳಿಸುವ ಕ್ರಮ ಸಾಮಾನ್ಯವಾಗಿ ಹೀಗೆ: 21ರ ಪಟ್ಟಿ ಆರು ವಾರ, 14ರದು ಎರಡು, 7ರದು ಎರಡು. ಗಮ್ಮಿಗೆ ಒಟ್ಟು ಹನ್ನೆರಡು ವಾರ, ಅಂತರ ಹೆಚ್ಚಿಸುತ್ತಾ. ನಾನು ಪಟ್ಟಿಯನ್ನು ಹೇಳಿದ ಹಾಗೇ ಇಳಿಸಿದೆ. ಗಮ್ ಮಾತ್ರ ಮಳೆಗಾಲ ಮುಗಿಯುವವರೆಗೂ ಇಟ್ಟುಕೊಂಡೆ, ಅದಕ್ಕೆ ನನಗೆ ಬೇಸರವಿಲ್ಲ. ಚಾರ್ಮಾಡಿ ಕಡೆಯಿಂದ ನುಗ್ಗುವ ಆ ಮಳೆ, ಚಳಿಯಲ್ಲಿ ಸೇದುವ ಆಸೆ ಎಷ್ಟೆಂದು ಇಲ್ಲಿಯವರಿಗೆ ಗೊತ್ತು. ಕೊಯ್ಲಿನ ಹೊತ್ತಿಗೆ ಗಮ್ಮೂ ಬೇಡವಾಯಿತು. ಖರ್ಚು ಸಿಗರೇಟಿಗಿಂತ ಕಡಿಮೆಯೇ ಬಿತ್ತು. ತೂಕ ಸ್ವಲ್ಪ ಏರಿದೆ, ಅದು ಬಹಳ ಮಂದಿಗೆ ಆಗುವಂಥದ್ದೇ.

ಈಗ ನಮ್ಮಲ್ಲಿ ಮರಗಸಿಗೆ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸಕ್ಕೆ ಬರುವ ಒಬ್ಬರು ಬೀಡಿ ಬಿಡುತ್ತೇನೆ ಎಂದಿದ್ದಾರೆ. ಅವರದೂ ಎದ್ದ ಕೂಡಲೇ ಹಚ್ಚುವ ಬೀಡಿ, ಹಾಗಾಗಿ ಬರೀ 2ರ ಗಮ್ ಸಾಲದು. ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅದಕ್ಕೆ ಮೊದಲು ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗಿರುವ 1800-11-2356ಕ್ಕೆ ಒಟ್ಟಿಗೆ ಕೂತು ಫೋನ್ ಮಾಡೋಣ ಎಂದುಕೊಂಡಿದ್ದೇವೆ. ಉಚಿತ ಕರೆ, ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಅವರಿರುವ ಲೈನ್ ಮನೆಯ (ತೋಟದ ಕೆಲಸಗಾರರ ಮನೆ) ಕಾಫಿ ಪುಡಿ ಯಾವುದು ಅಂತ ನಾನು ಆಗಲೇ ವಿಚಾರಿಸಿದ್ದೇನೆ: ಪೂರ್ತಿ ರೊಬಸ್ಟಾ. ಈ ತಿಂಗಳಿನಿಂದ ಅವರ ಮನೆಗೆ ನಮ್ಮ ಅರೇಬಿಕಾ ಪುಡಿಯೇ ಹೋಗುತ್ತದೆ.