ಒಬ್ಬರೇ ಹಾಡುವವರು ಸ್ಪೀಕರ್ ಕೊಳ್ಳುವಾಗ ಮೊದಲು ತಳ ನೋಡಿ
ಬ್ಯಾಟರಿ ಸ್ಪೀಕರ್ ಕೊಳ್ಳುವಾಗ ವ್ಯಾಟ್ ಕೇಳುವ ಮೊದಲು ಅದನ್ನು ತಿರುಗಿಸಿ ತಳ ನೋಡಿ. ಸ್ಟ್ಯಾಂಡ್ ಕೂರುವ 35 ಮಿಲಿಮೀಟರ್ ತೂತು ಇರಲೇಬೇಕು. ಹಾಡುವಾಗ ಸ್ಪೀಕರನ್ನು ಕೇಳುವವರ ತಲೆಗಿಂತ ತುಸು ಮೇಲಕ್ಕೆ ಏರಿಸಿ, ಮೈಕಿಗಿಂತ ಎರಡು ಹೆಜ್ಜೆ ಮುಂದೆ, ಪಕ್ಕಕ್ಕೆ ಇಡಿ. ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೊಕ್ಕು ಕುಂಯ್ ಅಂತ ಕೂಗುವುದು ತುಂಬಾ ಕಡಿಮೆಯಾಗುತ್ತದೆ. ನೆಲದ ಮೇಲಿಟ್ಟರೆ ಅಕ್ಷರ ಬಿಡಿಸಿ ಕೇಳಿಸುವ ಸಣ್ಣ ದನಿಯನ್ನು ಮುಂದೆ ಕೂತವರ ಮೈಯೇ ತಡೆಯುತ್ತದೆ, ಹಿಂದಿನವರಿಗೆ ಬರೀ ಗುಂಯ್ ಅನ್ನೋದು ಮುಟ್ಟುತ್ತದೆ. ತತ್ವಪದದಲ್ಲಿ ಮಾತೇ ಕೇಳಿಸದಿದ್ದರೆ ಇನ್ನೇನು ಉಳಿಯಿತು, ಅಲ್ವಾ? ವ್ಯಾಟ್ ದುಪ್ಪಟ್ಟಾದರೂ ಸಿಗುವುದು 3 ಡೆಸಿಬಲ್ ಅಷ್ಟೇ, ಕಿವಿಗೆ ಸ್ವಲ್ಪವೇ ಜಾಸ್ತಿ. ಅದಕ್ಕಾಗಿ ಸುಮ್ನೆ ದುಡ್ಡು ಸುರಿಯಬೇಡಿ. ಏಕತಾರಿಗೆ ಪಿಕಪ್ (ವಾದ್ಯದ ದನಿ ಹಿಡಿಯುವ ಪುಟ್ಟ ಸಾಧನ) ಅಂಟಿಸಿದವರು 'ಹೈ-ಝಡ್' (Hi-Z) ಅಂತ ಬರೆದ, ಇಂಥ ಪಿಕಪ್‌ಗೆ ಹೊಂದುವ ಇನ್‌ಪುಟ್ ಇರುವುದನ್ನೇ ಆರಿಸಿ. ಮೈಕಿನ ಇನ್‌ಪುಟ್‌ಗೆ ಚುಚ್ಚಿದರೆ ತಂತಿಯ ದನಿ ತಗಡಿನಂತೆ ತೆಳ್ಳಗಾಗುತ್ತದೆ.

ಇಂಥ ಬ್ಯಾಟರಿ ಸ್ಪೀಕರ್ ಮಠದ ಅಂಗಳಕ್ಕೆ, ಓಣಿಯ ಭಜನೆಗೆ, ಮನೆ ಮುಂದಿನ ಪೆಂಡಾಲಿಗೆ ಸಾಕು. ಶರಣಬಸವೇಶ್ವರರ ಜಾತ್ರೆಯಂಥ ಗದ್ದಲದಲ್ಲಿ ನಡೆಯುವುದಿಲ್ಲ, ಅಲ್ಲಿ ದೊಡ್ಡ ಸೌಂಡ್ ಸಿಸ್ಟಮ್ಮೇ ಬೇಕು. ಕಲ್ಲಿನ ಮಂಟಪದಲ್ಲೂ ದನಿ ಮಾರ್ದನಿಸಿ ಕಲಸಿಹೋಗುತ್ತದೆ. ಅಲ್ಲಿ ಸ್ಪೀಕರನ್ನು ಜನರ ಹತ್ತಿರಕ್ಕೆ ತಂದು ವಾಲ್ಯೂಮ್ ಇಳಿಸಿ. ಗಾಳಿ ಇದ್ದರೆ ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಕಟ್ಟಿ. ನಮ್ಮ ಕಲಬುರಗಿ ಬಿಸಿಲು 40 ಡಿಗ್ರಿ ದಾಟಿದಾಗ ಸ್ಪೀಕರನ್ನು ಮುಚ್ಚಿದ ಕಾರಿನಲ್ಲಿ ಬಿಡಬೇಡಿ, ಬ್ಯಾಟರಿ ಬೇಗ ಸಾಯುತ್ತದೆ.