ಬಿರುಕು ಬಿಡುತ್ತಿದ್ದ ಹಗುರ ಉಕ್ಕು ನೀರಿಗೆ ಹಾಕಿದ ಮೇಲೆ ಬಗ್ಗಿತು

ಹೋದ ತಿಂಗಳು ಹರಿಹರದ ನಮ್ಮ ಶೆಡ್ಡಿನಲ್ಲಿ ಹಗುರ ಉಕ್ಕಿನ (ಅಲ್ಯೂಮಿನಿಯಂ ಬೆರೆಸಿ ತೂಕ ಇಳಿಸಿದ ಉಕ್ಕು) ಪಟ್ಟಿ ರೋಲಿನಲ್ಲಿ 5 ಎಂಎಂ ದಪ್ಪದಿಂದ 2 ಎಂಎಂಗೆ ಇಳಿಯಿತು. ಒಂದೂ ಬಿರುಕಿಲ್ಲ. ಇಷ್ಟಕ್ಕೆ ಹನ್ನೊಂದು ತಿಂಗಳು ಹಿಡಿಯಿತು, ಹತ್ತಿರ ಹತ್ತಿರ 70 ಸಾವಿರ ಕರಗಿತು.

ಮೆಕ್ಕೆಜೋಳದ ಸಾಲಿಗೆ ಕೈಯಲ್ಲಿ ತಳ್ಳುವ ಎಡೆಕುಂಟೆ ಮಾಡುತ್ತೇನೆ. ತಳ್ಳುವವರು ಹೆಚ್ಚಾಗಿ ಹೆಂಗಸರು, ಅದಕ್ಕೇ ತೂಕ ಇಳಿಸುವ ಹಟ. ತೂಕದ ಶೇಕಡಾ ಲೆಕ್ಕದಲ್ಲಿ ಮ್ಯಾಂಗನೀಸ್ 20, ಅಲ್ಯೂಮಿನಿಯಂ 8, ಕಾರ್ಬನ್ 0.8ರ ಆಸುಪಾಸು ಹಿಡಿದು ಕರಗಿಸಿದೆ. ಬಿಸಿಯಲ್ಲಿ ಚೆನ್ನಾಗಿ ಬಡಿಸಿಕೊಂಡಿತು. ತಣ್ಣಗೆ ರೋಲ್ ಮಾಡಿದರೆ ಎರಡನೇ ಪಾಸಿಗೇ (ರೋಲುಗಳ ನಡುವೆ ಎರಡನೇ ಸಲ ಹಾಯಿಸುವಾಗಲೇ) ಟಕ್ ಅಂತ ಸದ್ದು, ಅಂಚೆಲ್ಲ ಗರಗಸದ ಹಲ್ಲು.

‘ಅಲ್ಯೂಮಿನಿಯಂ ಜಾಸ್ತಿ ಆಯ್ತು’ ಅಂದರು ಎಲ್ಲರೂ. 5ಕ್ಕೆ ಇಳಿಸಿದೆ. ಬಿರುಕು ಕಮ್ಮಿಯಾಯಿತು, ಆದರೆ ಹಗುರವೂ ಹೋಯಿತು. ಒಂದು ಹೀಟ್‌ಗೆ, ಅಂದರೆ ಒಂದು ಸಲ ಕರಗಿಸುವುದಕ್ಕೆ, ಸುಮಾರು 9 ಸಾವಿರ, ಅಂಥ ಮೂರು ಹೀಟ್ ಸುಮ್ನೆ ದಂಡ.

ಕೊನೆಗೆ ಒಡೆದ ತುಂಡನ್ನೇ ಪಾಲಿಷ್ ಮಾಡಿ, ನೈಟಾಲ್ (ಒಳರಚನೆ ಕಾಣಿಸಲು ಬಳಸುವ ನೈಟ್ರಿಕ್ ಆಸಿಡ್–ಆಲ್ಕೋಹಾಲ್ ದ್ರಾವಣ) ಹಚ್ಚಿ, ದಾವಣಗೆರೆಯಲ್ಲಿ ಪರಿಚಯದ ಮೇಷ್ಟ್ರೊಬ್ಬರ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಪ್ರತಿ ಗ್ರೇನಿನ, ಅಂದರೆ ಲೋಹದೊಳಗಿನ ಹರಳಿನ ಸುತ್ತ ಕಾಡಿಗೆ ತೀಡಿದ ಹಾಗೆ ಕಪ್ಪು ಗೆರೆ. ಬಿರುಕು ಆ ಗೆರೆ ಹಿಡಿದೇ ನಡೆದಿತ್ತು. ಅಲ್ಲಲ್ಲಿ ರೋಲಿನ ದಿಕ್ಕಿಗೆ ಎಳೆದ ಫೆರೈಟ್ (ಮ್ಯಾಗ್ನೆಟ್‌ಗೆ ಅಂಟುವ, ಕಬ್ಬಿಣದ ಬೇರೊಂದು ಹರಳು ರೂಪ) ಪಟ್ಟೆಗಳು, ಕೆಲವು ಬಿರುಕು ಹುಟ್ಟಿದ್ದು ಅವುಗಳ ಅಂಚಿನಲ್ಲಿ.

ಮೆತ್ತಗಾಗಲಿ ಅಂತ ನಾನು ಪಟ್ಟಿಯನ್ನು ಬೂದಿಯಲ್ಲಿ ಹೂತು ನಿಧಾನ ಆರಿಸುತ್ತಿದ್ದೆ. ತಪ್ಪು ಅಲ್ಲೇ ಇತ್ತು. 900ರಿಂದ 500 ಡಿಗ್ರಿ ನಡುವೆ ತಡವಾದರೆ ಗ್ರೇನಿನ ಗಡಿಯಲ್ಲಿ ಕಪ್ಪಾ ಕಾರ್ಬೈಡ್ (ಕಬ್ಬಿಣ, ಮ್ಯಾಂಗನೀಸ್, ಅಲ್ಯೂಮಿನಿಯಂ, ಕಾರ್ಬನ್ ಸೇರಿ ಆಗುವ ಗಡುಸು ಪದಾರ್ಥ) ಕೂರುತ್ತದೆ. ಆಗ ನೆನಪಾಗಿದ್ದು ಚಿತ್ರದುರ್ಗದ ಕಡೆಯ ಕ್ರಷರ್‌ಗಳಲ್ಲಿ ಕಲ್ಲು ಅಗಿಯುವ ಜಾ ಪ್ಲೇಟು. ಅದೂ ಮ್ಯಾಂಗನೀಸ್ ಉಕ್ಕೇ, ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೇ ಗಟ್ಟಿಮುಟ್ಟು ಅಲ್ವಾ?

‘ಏ ತಮ್ಮಾ, ನೀರಿಗೆ ಹಾಕಿ ರೋಲ್ ಮಾಡ್ತೀಯಾ? ಗಾಜು ಒಡೆದಂಗೆ ಒಡೀತದೆ’ ಅಂದರು ಪಕ್ಕದ ಶೆಡ್ಡಿನ ಹಿರಿಯರು. 1050 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟೆ. ಬಾಗಿಲು ತೆಗೆದು ಐದು ಎಣಿಸುವುದರೊಳಗೆ ತೊಟ್ಟಿಗೆ. ಅರ ಹಾಕಿದರೆ ಸಲೀಸಾಗಿ ಕಚ್ಚಿತು. ರೋಲಿನಲ್ಲೂ ಕುಯ್ ಅನ್ನದೆ ಹೋಯಿತು.

ಮತ್ತೆ ಎಡವಿದ್ದೂ ಉಂಟು. ನಡುವಿನ ಅನೀಲಿಂಗಿನಲ್ಲಿ (ಪಾಸುಗಳ ನಡುವೆ ಮತ್ತೆ ಕಾಯಿಸಿ ಮೆತ್ತಗೆ ಮಾಡುವುದು) ರಾತ್ರಿ ಪಟ್ಟಿಗಳನ್ನು ಫರ್ನೇಸಿನಲ್ಲೇ ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಮೊದಲ ಪಾಸಿಗೇ ಆರೂ ಪಟ್ಟಿ ಸೀಳಿದವು. ಈಗ ಪ್ರತಿ ಸಲವೂ ನೀರು, ಪ್ರತಿ ಸಲವೂ ಅಂಚು ಗ್ರೈಂಡಿಂಗ್. ಕಾಯಿಸಿದಾಗ ಮೇಲೆ ಕಟ್ಟಿದ ಪದರ ತೆಗೆದು ಹಳೇ ಸ್ಪೀಕರಿನ ಮ್ಯಾಗ್ನೆಟ್ ಹಿಡಿಯುತ್ತೇನೆ. ಜೋರಾಗಿ ಎಳೆದರೆ ಒಳಗೆ ಫೆರೈಟ್ ಜಾಸ್ತಿ, ಅಂಥದ್ದನ್ನು ರೋಲಿಗೆ ಕೊಡಲ್ಲ. ಸುರಿಯುವ ಮುಂಚೆ ಏನು ಮಾಡುತ್ತೇನೆ, ಪಾಸಿಗೆ ಎಷ್ಟು ಇಳಿಸುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಮಿಕ್ಕ ಚೂರುಗಳನ್ನು 550 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು ನೋಡಿದೆ. ಅರ ಜಾರುವಷ್ಟು ಗಡುಸಾಯಿತು, ಬಗ್ಗಿಸಿದರೆ ಮುರಿಯಿತು. ಆದರೂ ಗಡುಸಿದೆಯಲ್ಲ, ಕುಂಟೆಯ ಅಲಗಿಗೆ ಅದನ್ನು ಈ ಮುಂಗಾರಿನಲ್ಲಿ ಹಾಕಿ ನೋಡಬೇಕು. 4 ಕೇಜಿಯ ಫ್ರೇಮು ಈಗ ಮೂರೂವರೆ ಕೇಜಿ. ಆ ಹಿರಿಯರು ಪಟ್ಟಿಯನ್ನು ವೈಸಿಗೆ ಕಚ್ಚಿಸಿ ಪೂರ್ತಿ ಮಡಚಿದರು, ಮಡಿಕೆಯ ಮೇಲೆ ಉಗುರಾಡಿಸಿದರು, ಇನ್ನೊಂದು ತುಂಡು ಕೇಳಿ ಇಸ್ಕೊಂಡು ಹೋದರು.